ಸೆಪ್ಸಿಸ್ ರೋಗಿ ಮತ್ತು ಮನೆಯ ಮಾತ್ರೆ ಚೀಲ: ನನ್ನ ಅನುಭವ

"ಸೆಪ್ಸಿಸ್ ಕೇಸ್ ಮುಂದಿಟ್ಕೊಂಡು ಹತ್ತು ವರ್ಷದ ಪುರಾಣ ಕೇಳ್ತಾ ಕೂರ್ತೀಯಾ? ಮೊದಲು ಆಂಟಿಬಯಾಟಿಕ್ ಹಾಕು ಮಾರಾಯ" ಅಂದಿದ್ದರು ನಮ್ಮ ಹಿರಿಯ ಡಾಕ್ಟರೊಬ್ಬರು. ಸೆಪ್ಸಿಸ್ ಅಂದರೆ ಸೋಂಕಿಗೆ ಮೈಯ ಪ್ರತಿಕ್ರಿಯೆ ಹದ್ದು ಮೀರಿ ಅಂಗಾಂಗಗಳೇ ಕೆಡುವುದು. ಆಂಟಿಬಯಾಟಿಕ್ ತಡ ಮಾಡಿ ಅಂತ ನಾನು ಯಾವತ್ತೂ ಹೇಳಿದವನಲ್ಲ. ಮೊದಲ ಡೋಸ್ ಹೋಗ್ತಿರುವಾಗಲೇ ಮನೆಯಿಂದ ಮಾತ್ರೆ ಚೀಲ ತರಿಸಿ, ಕೇಸ್ ಶೀಟಿನ ಮೊದಲ ಪುಟಕ್ಕೆ ಹಳದಿ ಚೀಟಿ ಅಂಟಿಸಿ ಅಂದದ್ದು. ಶುಗರ್ ಎಷ್ಟು ವರ್ಷದ್ದು, ಹಳೇ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ), ಮಾಮೂಲಿ ಬಿಪಿ, ಲಿವರ್, ದಮ್ಮು, ಸ್ಟಿರಾಯ್ಡ್, ಬೀಟಾ ಬ್ಲಾಕರ್ (ನಾಡಿ ನಿಧಾನ ಮಾಡುವ ಮಾತ್ರೆ). ಚೀಟಿಯಲ್ಲಿ ಇಷ್ಟೇ.

ಇದು ಹುಟ್ಟಿದ್ದು ಒಂದು ಸೋಲಿನಿಂದ. ಅರವತ್ತರ ಆಸುಪಾಸಿನ ಹೆಂಗಸು. ಜ್ವರ ಇಲ್ಲ, ನಾಡಿ 84, ಸುಸ್ತು, ಸ್ವಲ್ಪ ಮಂಕು. ವಾರ್ಡಿಗೆ ಹಾಕಿದೆ. ಬೆಳಗಿನ ಜಾವ ಬಿಪಿ ಸಿಗಲಿಲ್ಲ. ಮಗ ತಂದ ಪ್ಲಾಸ್ಟಿಕ್ ಕವರನ್ನು ಟೇಬಲ್ ಮೇಲೆ ಸುರಿದಾಗ ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಸ್ಟ್ರಿಪ್ ಬಿತ್ತು, ಜೊತೆಗೆ ಹದಿನೈದು ವರ್ಷದ ಶುಗರ್ ಚೀಟಿಗಳು. ನಾಡಿ ಏರದ ಹಾಗೆ ಆ ಮಾತ್ರೆಯೇ ಹಿಡಿದಿತ್ತು. ಆಕೆ ಉಳಿಯಲಿಲ್ಲ. ಆ ಕವರ್ ನಾಲ್ಕು ಗಂಟೆ ಮೊದಲು ಬಂದಿದ್ದರೆ ಅಂತ ಇವತ್ತಿಗೂ ಅನಿಸುತ್ತದೆ.

ಕಿಡ್ನಿ ರೋಗಿಗಳಲ್ಲಿ ಎರಡೂ ಕಡೆ ಎಡವಿದ್ದೇನೆ. ಒಬ್ಬರ ಕ್ರಿಯಾಟಿನಿನ್ 4 ಅಂತ ಗಾಬರಿಯಾದೆ. ಹಳೇ ರಿಪೋರ್ಟ್ ನೋಡಿದರೆ ಆರು ತಿಂಗಳ ಹಿಂದೆಯೂ 3.7. ಸೆಪ್ಸಿಸ್ ಬಗೆಗಿನ 2016ರ ವ್ಯಾಖ್ಯೆ ಕೇಳುವುದೇ ಮೊದಲಿದ್ದ ಮಟ್ಟಕ್ಕಿಂತ ಸೋಫಾ (ಅಂಗಾಂಗಗಳು ಎಷ್ಟು ಕೆಟ್ಟಿವೆ ಎಂಬ ಅಂಕಪಟ್ಟಿ) ಎರಡು ಅಂಕವಾದರೂ ಏರಿದೆಯೇ ಅಂತ. ಮೊದಲಿನದು ಗೊತ್ತಿಲ್ಲದೆ ಏನು ಎಣಿಸುವುದು? ಇನ್ನೊಬ್ಬರು ಡಯಾಲಿಸಿಸ್ ರೋಗಿ, ನೀರು ತುಂಬೀತು ಅಂತ ಹೆದರಿ ಡ್ರಿಪ್ಸ್ ಕೈಬಿಟ್ಟು ಕಳಕೊಂಡೆ. ಈಗ 250 ಮಿಲಿ ಕೊಡು, ನೋಡು, ಮತ್ತೆ ಕೊಡು. ಸಿರೋಸಿಸ್‌ನವರ (ಲಿವರ್ ಸುರುಟಿದವರ) ಕಥೆ ಬೇರೆ: ಬಿಪಿ ಮೊದಲೇ ಕೆಳಗೆ, ಲ್ಯಾಕ್ಟೇಟ್ (ಅಂಗಾಂಗಗಳಿಗೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ಅಂಶ) ಇಳಿಯುವುದೂ ನಿಧಾನ. ಒಂದೇ ಸಂಖ್ಯೆ ಹಿಡಿದು ಕೂತರೆ ಸುಮ್ಮನೆ ನೀರು ಸುರಿಯುತ್ತಾ ಹೋಗುತ್ತೇವೆ.

ಹಣದ ಮಾತು. ಎರಡು ಕಡೆಯಿಂದ ರಕ್ತದ ಕಲ್ಚರ್ (ರಕ್ತದಲ್ಲಿನ ಕ್ರಿಮಿ ಬೆಳೆಸಿ ಗುರುತಿಸುವ ಪರೀಕ್ಷೆ) ಅಂದರೆ ಹೆಚ್ಚುಕಮ್ಮಿ ಎರಡು ಸಾವಿರ. "ಜ್ವರಕ್ಕೆ ಇಷ್ಟೊಂದಾ ಡಾಕ್ಟ್ರೇ?" ಅಂತ ಕೇಳುತ್ತಾರೆ, ಕೇಳಬೇಕಾದ್ದೇ. ಆದರೆ ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಶುಗರ್ ಇರುವವರು, ಅದರಲ್ಲೂ ಗದ್ದೆ ಕೆಲಸದವರು, ಸೆಪ್ಸಿಸ್ ಆಗಿ ಬಂದರೆ ನನಗೆ ಮೊದಲು ನೆನಪಾಗುವುದು ಮೆಲಿಯಾಯ್ಡೋಸಿಸ್, ಮಣ್ಣು-ನೀರಿನ ಕ್ರಿಮಿಯಿಂದ ಬರುವ ಸೋಂಕು. ಕಲ್ಚರ್ ಇಲ್ಲದೆ ಅದು ಸಿಗುವುದಿಲ್ಲ. ಸಿಕ್ಕರೂ ಒಮ್ಮೆ ಲ್ಯಾಬಿನಿಂದ ಸ್ಯೂಡೊಮೊನಾಸ್ ಎಂಬ ಬೇರೆ ಕ್ರಿಮಿ ಅಂತ ಬಂತು. ಜೆಂಟಾಮೈಸಿನ್‌ಗೂ ಬಗ್ಗಿಲ್ಲ, ಕೊಲಿಸ್ಟಿನ್‌ಗೂ ಬಗ್ಗಿಲ್ಲ. ಈ ಎರಡು ಆಂಟಿಬಯಾಟಿಕ್ಕಿಗೂ ಬಗ್ಗದಿರುವುದು ಮೆಲಿಯಾಯ್ಡೋಸಿಸ್ ಕ್ರಿಮಿಯ ಗುರುತು, ಹಾಗಾಗಿ ಫೋನ್ ಮಾಡಿ ಜಗಳವಾಡಿ ಮತ್ತೆ ನೋಡಿಸಿದೆ. ನನ್ನ ಊಹೆಯೇ ನಿಜವಾಯಿತು. ಅದಕ್ಕೆ ತಾಗುವ ಆಂಟಿಬಯಾಟಿಕ್ ಮೆರೊಪೆನೆಮ್ ಮೊದಲೇ ಶುರುವಾಗಿತ್ತು, ಆ ಮನುಷ್ಯ ನಡೆದುಕೊಂಡು ಮನೆಗೆ ಹೋದ. ಸ್ಪ್ಲೀನಿನಲ್ಲಿ, ಅಂದರೆ ಗುಲ್ಮದಲ್ಲಿ, ಕೀವಿತ್ತು.

ನಡುವೆ ಒಂದು ಪ್ರಯೋಗ. ಲ್ಯಾಕ್ಟೇಟ್ ಪದೇಪದೇ ಮಾಡಿಸಲು ದುಡ್ಡಿಲ್ಲದವರಿಗೆ, ಗಾಜಿನ ಸ್ಲೈಡಿನಿಂದ ಬೆರಳ ತುದಿ ಹತ್ತು ಸೆಕೆಂಡ್ ಒತ್ತಿ ಬಿಟ್ಟು ರಕ್ತ ಮರಳುವುದನ್ನು ಎಣಿಸಿದೆವು. ಮೂರು ಸೆಕೆಂಡ್ ದಾಟಿದರೆ ಎಚ್ಚರ. ಟ್ಯೂಬ್‌ಲೈಟಿನಲ್ಲಿ ನಮ್ಮವರ ಚರ್ಮದ ಮೇಲೆ ಏನೂ ಕಾಣಲಿಲ್ಲ. ಮೊಬೈಲ್ ಟಾರ್ಚ್ ಹಿಡಿದ ಮೇಲೆ ದಾರಿಗೆ ಬಂತು. ಮೊಣಕಾಲ ಮೇಲೂ ನೋಡಿದೆವು, ಸಿಸ್ಟರ್‌ಗಳ ಎಣಿಕೆ ಒಬ್ಬೊಬ್ಬರದು ಒಂದೊಂದು, ಬಿಟ್ಟೆವು.

ಲೆಕ್ಕ ನೆನಪಿನಿಂದ ಹೇಳುತ್ತೇನೆ: ಮೊದಲು ಹಳೇ ಕಿಡ್ನಿ ಅಥವಾ ಲಿವರ್ ತೊಂದರೆ ಇದ್ದು ಶಾಕ್‌ನಲ್ಲಿ (ಬಿಪಿ ಕುಸಿದು) ಬಂದ ಹತ್ತು ಜನರಲ್ಲಿ ಆರೇಳು ಜೀವ ಹೋಗುತ್ತಿದ್ದವು. ಈಗ ನಾಲ್ಕರ ಆಸುಪಾಸು. ನಮ್ಮದು ಆರು ಹಾಸಿಗೆಯ ಐಸಿಯು, ಸಂಖ್ಯೆ ಸಣ್ಣದು. ಆದರೂ ಪುರಾಣ ಅಂದ ಹಿರಿಯರೇ ಈಗ ರೌಂಡ್ಸಿನಲ್ಲಿ ಮೊದಲು ಹಳದಿ ಚೀಟಿ ಕೇಳುತ್ತಾರೆ.

ನಡುರಾತ್ರಿ ಮನೆಯವರಿಂದ ಬೈಸಿಕೊಳ್ಳದೆ ಅವರನ್ನು ವಾಪಸ್ ಕಳಿಸಿ ಮಾತ್ರೆ ತರಿಸಲು ನಾನು ಕೇಳುವ ಎರಡು ಪ್ರಶ್ನೆಗಳಿವೆ. ಅವು ಸದ್ಯಕ್ಕೆ ನಮ್ಮ ಸಿಸ್ಟರ್‌ಗಳಿಗೆ ಮಾತ್ರ ಗೊತ್ತು. ಕಳೆದ ವಾರ ಎರಡು ಗಂಟೆಗೆ ಒಬ್ಬ ಮೊಮ್ಮಗ ಬಿಸ್ಕತ್ ಡಬ್ಬಿಯನ್ನೇ ತಂದ. ತಳದಲ್ಲಿ, ಗಂಟುನೋವಿಗೆ ಅಂತ ಅಜ್ಜಿ ವರ್ಷಗಟ್ಟಲೆ ನುಂಗಿದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್. ಹಾಗೆ ನುಂಗಿದ ಮೈ ತನಗೆ ಬೇಕಾದ ಸ್ಟಿರಾಯ್ಡನ್ನು ತಾನೇ ಮಾಡಿಕೊಳ್ಳುವುದನ್ನು ಬಿಟ್ಟಿರಬಹುದು. ನಾರ್‌ಅಡ್ರಿನಲಿನ್‌ಗೆ (ಬಿಪಿ ಏರಿಸುವ ಔಷಧಿ) ಜಗ್ಗದಿದ್ದ ಬಿಪಿ, ಹೈಡ್ರೊಕಾರ್ಟಿಸೋನ್ (ಸ್ಟಿರಾಯ್ಡ್ ಇಂಜೆಕ್ಷನ್) ಹೋದ ಮೇಲೆ ಬೆಳಗಾಗುವಷ್ಟರಲ್ಲಿ ನಿಂತಿತು. ಅಜ್ಜಿ ನಿನ್ನೆ ಗಂಜಿ ಕೇಳಿದರು.