ರಕ್ತದೊತ್ತಡವನ್ನು ಮನೆಯಲ್ಲೇ ಸರಿಯಾಗಿ ಅಳೆಯುವ ಕ್ರಮ

ಅಧಿಕ ರಕ್ತದೊತ್ತಡವು ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಹೃದಯ, ಮೂತ್ರಪಿಂಡ ಹಾಗೂ ಮಿದುಳಿನ ರಕ್ತನಾಳಗಳನ್ನು ಹಾಳುಮಾಡಬಲ್ಲದು. ಪಾರ್ಶ್ವವಾಯು ಬಂದ ಮೇಲಿನ ಚಿಕಿತ್ಸೆಯು ಕಳೆದುಹೋದ ಶಕ್ತಿಯನ್ನೆಲ್ಲ ಮರಳಿ ಕೊಡಲಾರದಾದ್ದರಿಂದ, ಆರೋಗ್ಯವಾಗಿರುವಾಗಲೇ ಅಳೆದು ನೋಡಬೇಕು.

ಅಳೆಯುವ ಮುನ್ನ 30 ನಿಮಿಷ ಕಾಫಿ, ಧೂಮಪಾನ, ವ್ಯಾಯಾಮ ಬೇಡ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ. ಯಂತ್ರದ ಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿಯ ತೋಳಿಗೇ ಸುತ್ತಿ, ಪಟ್ಟಿಯು ಹೃದಯದ ಮಟ್ಟಕ್ಕೆ ಬರುವಂತೆ ಕೈಯನ್ನು ಮೇಜಿನ ಮೇಲಿಡಿ. ಕೈಯನ್ನು ತೊಡೆಯ ಮೇಲೆ ಇಳಿಬಿಟ್ಟರೆ ಅಂಕಿಯು ಇರುವುದಕ್ಕಿಂತ ಹೆಚ್ಚು ಬರುತ್ತದೆ, ಇದನ್ನು ದಯವಿಟ್ಟು ಮರೆಯಬೇಡಿ. 1 ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು, ಎರಡನ್ನೂ ದಿನಾಂಕದೊಂದಿಗೆ ಬರೆದಿಡಿ.

ಒಂದು ದಿನದ ಸಣ್ಣ ಏರಿಕೆಗೆ ಗಾಬರಿಯಾಗಬೇಕಿಲ್ಲ. ಆದರೆ ಹಲವು ದಿನಗಳ ಸರಾಸರಿಯು 135/85 ದಾಟಿದರೆ, ಆ ಬರಹವನ್ನು ತೆಗೆದುಕೊಂಡು ಹೋಗಿ ವೈದ್ಯರನ್ನು ಕಾಣಿ.