ಒಲಿಂಪಿಕ್ಸ್ ಸೈಕಲ್ ರೋಡ್ ರೇಸ್: ಯಾವಾಗ ಕೂರಬೇಕು, ಯಾವುದರ ಮೇಲೆ ಕಣ್ಣಿಡಬೇಕು

ಒಲಿಂಪಿಕ್ಸ್‌ನ ಪುರುಷರ ರೋಡ್ ರೇಸ್ ಹಾಕಿ ಹತ್ತೇ ನಿಮಿಷಕ್ಕೆ ಚಾನೆಲ್ ಬದಲಾಯಿಸಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಬೈಯುವಂತಿಲ್ಲ. ಐದಾರು ಜನ ಮುಂದೆ ಹೋಗುತ್ತಿರುತ್ತಾರೆ, ದೊಡ್ಡ ಗುಂಪು ಹಿಂದೆ ಎಲ್ಲೋ ಮಾತಾಡಿಕೊಂಡು, ನೀರು ಕುಡಿದುಕೊಂಡು ಬರುತ್ತಿರುತ್ತದೆ, ಯಾರಿಗೂ ಅವಸರ ಇದ್ದಂತೆ ಕಾಣುವುದಿಲ್ಲ. ಸ್ಕೋರ್ ಇಲ್ಲ, ಗೋಲ್ ಇಲ್ಲ. 2024ರ ಪ್ಯಾರಿಸ್‌ನಲ್ಲಂತೂ ಭಾರತದ ಒಬ್ಬ ಸೈಕಲಿಸ್ಟ್ ಕೂಡ ಇರಲಿಲ್ಲ. ಅಲ್ಲಿ ದೂರ 273 ಕಿ.ಮೀ., ಗೆದ್ದವನಿಗೇ 6 ಗಂಟೆ 19 ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಕೂತು ನೋಡಿ ಅಂತ ನಾನೂ ಹೇಳುವುದಿಲ್ಲ.

ಆದರೆ ಒಂದು ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನೋಡಿ: ಈಗ ಗಾಳಿಗೆ ಎದೆ ಕೊಟ್ಟಿರುವವನು ಯಾರು, ಅವನ ಬೆನ್ನ ಹಿಂದೆ ಆರಾಮಾಗಿ ಕೂತವನು ಯಾರು? ಇಡೀ ರೇಸ್ ಇದರಲ್ಲೇ ಇದೆ.

ಪ್ಯಾರಿಸ್‌ನಲ್ಲಿ ಗೆದ್ದವನ ಸರಾಸರಿ ವೇಗ ಗಂಟೆಗೆ ಸುಮಾರು 43 ಕಿ.ಮೀ. ಆ ವೇಗದಲ್ಲಿ ಸಪಾಟು ರಸ್ತೆ ಮೇಲೆ ಕಾಲಿನ ಶಕ್ತಿಯ ಹೆಚ್ಚಿನ ಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ. ಮುಂದಿನವನ ಚಕ್ರಕ್ಕೆ ಒಂದು ಗೇಣು ಹಿಂದೆ ಅಂಟಿಕೊಂಡು ಹೋದರೆ ಅದೇ ವೇಗಕ್ಕೆ ಎಷ್ಟೋ ಕಡಿಮೆ ಶಕ್ತಿ ಸಾಕು. ಹಾಗಾಗಿ ಎಲ್ಲರಿಗೂ ಹಿಂದೆ ಕೂರುವ ಆಸೆ, ಯಾರಿಗೂ ಮುಂದೆ ಎಳೆಯುವ, ಅಂದರೆ ಗಾಳಿ ತಡೆದುಕೊಂಡು ಹಿಂದಿನವರನ್ನು ಕರೆದುಕೊಂಡು ಹೋಗುವ, ಮನಸ್ಸಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯದ ಒಳ್ಳೆಯ ಸೈಕಲಿಸ್ಟ್‌ಗಳಲ್ಲಿ ಬಹಳ ಜನ ಆ ಕಡೆಯವರೇ.

ಇನ್ನು ಟೂರ್ ಡಿ ಫ್ರಾನ್ಸ್ ನೋಡಿ ಅಭ್ಯಾಸ ಇರುವವರು ಆ ಲೆಕ್ಕಾಚಾರವನ್ನು ಇಲ್ಲಿಗೆ ತರಬೇಡಿ. ಅಲ್ಲಿ ಒಂದು ತಂಡಕ್ಕೆ 8 ಜನ, ಕಿವಿಯಲ್ಲಿ ರೇಡಿಯೊ, ಹಿಂದಿನ ಕಾರಿನಿಂದ ಮ್ಯಾನೇಜರ್ ಹೇಳುತ್ತಲೇ ಇರುತ್ತಾನೆ: ಮುಂದೆ ಇಷ್ಟು ಜನ ಇದ್ದಾರೆ, ಇಷ್ಟು ನಿಮಿಷ, ಈಗ ಎಳೆಯಿರಿ. ಪ್ಯಾರಿಸ್‌ನಲ್ಲಿ ಒಂದು ದೇಶಕ್ಕೆ ಹೆಚ್ಚೆಂದರೆ 4 ಜನ, ಒಟ್ಟು 90 ಜನ, ರೇಡಿಯೊ ಇಲ್ಲವೇ ಇಲ್ಲ. ನಾಲ್ಕು ಜನ ಇಟ್ಟುಕೊಂಡು ಆರು ಗಂಟೆ ರೇಸನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಎಲ್ಲರೂ ಹೇಳುತ್ತಿದ್ದ ಹೆಸರು ಬಿಟ್ಟು ಬೇರೆಯವರು ಗೆಲ್ಲುವುದು ಜಾಸ್ತಿ.

2012ರ ಲಂಡನ್ ಇದಕ್ಕೆ ಒಳ್ಳೆಯ ಉದಾಹರಣೆ. ಬ್ರಿಟನ್ ಹತ್ತಿರ ಆಗಿನ ಅತಿ ವೇಗದ ಸ್ಪ್ರಿಂಟರ್ ಮಾರ್ಕ್ ಕ್ಯಾವೆಂಡಿಶ್ ಇದ್ದ, ಅವನಿಗಾಗಿ ಎಳೆಯಲು ವಿಗಿನ್ಸ್, ಫ್ರೂಮ್, ಮಿಲ್ಲರ್, ಸ್ಟ್ಯಾನಾರ್ಡ್. ವಿಗಿನ್ಸ್ ಆಗಷ್ಟೇ ಟೂರ್ ಗೆದ್ದು ಬಂದಿದ್ದ, ಫ್ರೂಮ್ ಅದರಲ್ಲೇ ಎರಡನೆಯವನು. ಇಂಥ ತಂಡ ದಿನವಿಡೀ ಗುಂಪಿನ ಮುಂದೆ ಎಳೆಯಿತು, ಬಾಕ್ಸ್ ಹಿಲ್ ಅನ್ನೋ ಗುಡ್ಡವನ್ನು ಒಂಬತ್ತು ಸಲ ಹತ್ತಿತು. ಉಳಿದ ದೇಶದವರು ಹೆಚ್ಚುಕಮ್ಮಿ ಕೈಕಟ್ಟಿ ಹಿಂದೆ ಕೂತರು. ಯಾಕೆ ಎಳೆಯಬೇಕು ಹೇಳಿ, ಗುಂಪು ಒಟ್ಟಿಗೆ ಬಂದರೆ ಗೆಲ್ಲುವವನು ಕ್ಯಾವೆಂಡಿಶ್ ಅಲ್ವಾ? ಕೊನೆಗೆ ದೊಡ್ಡದೊಂದು ಗುಂಪು ಮುಂದೆ ಹೋಯಿತು, ಬ್ರಿಟನ್ನಿನವರ ಕಾಲು ಸೋತಿತು. ಆ ಮುಂದಿನ ಗುಂಪಿನಿಂದಲೂ ತಪ್ಪಿಸಿಕೊಂಡು ಕಜಕಸ್ತಾನದ ವಿನೊಕುರೊವ್ ಮತ್ತು ಕೊಲಂಬಿಯಾದ ಉರಾನ್ ಇಬ್ಬರೇ ಕೊನೆಯ ನೇರ ರಸ್ತೆಗೆ ಬಂದರು. ಉರಾನ್ ಒಂದು ಕಡೆ ಕತ್ತು ತಿರುಗಿಸಿ ಹಿಂದೆ ನೋಡಿದ, ಅಷ್ಟರಲ್ಲಿ ವಿನೊಕುರೊವ್ ಇನ್ನೊಂದು ಕಡೆಯಿಂದ ಹಾರಿದ. ಅಲ್ಲಿಗೆ ಮುಗಿಯಿತು.

ಸರಿ, ಯಾವಾಗ ಟಿವಿ ಮುಂದೆ ಕೂರಬೇಕು? ಪ್ಯಾರಿಸ್ ರೇಸ್ ನಮ್ಮ ಸಮಯ ಮಧ್ಯಾಹ್ನ 2:30ಕ್ಕೆ ಶುರುವಾಗಿ ರಾತ್ರಿ ಒಂಬತ್ತರ ಹತ್ತಿರ ಮುಗಿಯಿತು. ಮೊದಲ ಅರ್ಧ ಗಂಟೆ ನೋಡಿ, ಯಾರು ಮುಂದೆ ಓಡಿದರು ಅಂತ ತಿಳಿದುಕೊಂಡು ಎದ್ದು ಹೋಗಿ ನಿಮ್ಮ ಕೆಲಸ ಮಾಡಿಕೊಳ್ಳಿ. ಈ ಮೊದಲ ಓಟದವರನ್ನು ಹಗುರವಾಗಿ ನೋಡಬೇಡಿ. ಪ್ಯಾರಿಸ್‌ನಲ್ಲಿ ಮೊದಲು ಮುಂದೆ ಹೋದವರಲ್ಲಿ ಉಗಾಂಡಾ, ರುವಾಂಡಾ, ಮೊರಾಕ್ಕೊ, ಮಾರಿಷಸ್, ಥಾಯ್ಲೆಂಡ್‌ನವರು ಇದ್ದರು. ಗೆಲ್ಲಲ್ಲ ಅಂತ ಅವರಿಗೂ ಗೊತ್ತು, ಆದರೆ ತಮ್ಮ ದೇಶದ ಜೆರ್ಸಿ ಅಷ್ಟು ಹೊತ್ತು ಜಗತ್ತಿನ ಟಿವಿಯಲ್ಲಿ ಕಾಣುತ್ತದಲ್ಲ! ಮತ್ತೆ ಬಂದು ಕೂರುವುದು ಸುಮಾರು 80 ಕಿ.ಮೀ. ಉಳಿದಾಗ. ಆಮೇಲೆ ಏಳಬೇಡಿ.

ಪರದೆಯ ಮೂಲೆಯಲ್ಲಿ ಎರಡು ಸಂಖ್ಯೆ ಇರುತ್ತವೆ: ಉಳಿದ ದೂರ, ಮುಂದಿನವರಿಗೂ ಹಿಂದಿನವರಿಗೂ ಇರುವ ಅಂತರ. ಇವೆರಡನ್ನೂ ಸೇರಿಸಿ ಓದಬೇಕು. ಹಳೆಯ ಲೆಕ್ಕ ಏನಂದರೆ, ದೊಡ್ಡ ಗುಂಪು ಮನಸ್ಸು ಮಾಡಿ ಎಳೆದರೆ ಪ್ರತಿ 10 ಕಿ.ಮೀ.ಗೆ ಒಂದು ನಿಮಿಷ ವಾಪಸ್ ಗಳಿಸುತ್ತದೆ. 100 ಕಿ.ಮೀ. ಉಳಿದಾಗ 8 ನಿಮಿಷದ ಅಂತರ ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 10 ಕಿ.ಮೀ. ಉಳಿದಾಗ ಒಂದೂವರೆ ನಿಮಿಷ ಇದ್ದರೆ ಹಿಂದಿನವರ ಕಥೆ ಮುಗಿದಂತೆ. ಒಲಿಂಪಿಕ್ಸ್‌ನಲ್ಲಿ ಒಗ್ಗಟ್ಟಾಗಿ ಎಳೆಯುವವರು ಕಡಿಮೆ, ಆದ್ದರಿಂದ ಈ ಲೆಕ್ಕವನ್ನು ಮುಂದಿನವರ ಪರವಾಗಿ ಸ್ವಲ್ಪ ಸಡಿಲ ಮಾಡಿಕೊಳ್ಳಿ.

ಈಗ ಪ್ಯಾರಿಸ್‌ನ ಕೊನೆಯ ಭಾಗಕ್ಕೆ ಬರೋಣ, ಎಲ್ಲ ಪಾಠವೂ ಅಲ್ಲಿ ಸಿಗುತ್ತದೆ. ಆ ವರ್ಷ ಇಟಲಿಯ ದೊಡ್ಡ ರೇಸ್ ಜಿರೊ, ಟೂರ್ ಎರಡನ್ನೂ ಗೆದ್ದ ಸ್ಲೊವೇನಿಯಾದ ಪೊಗಾಚಾರ್ ಸುಸ್ತಾಗಿದೆ ಅಂತ ಬರಲೇ ಇಲ್ಲ. ಉಳಿದ ದೊಡ್ಡ ಹೆಸರುಗಳೆಂದರೆ ನೆದರ್ಲೆಂಡ್ಸ್‌ನ ವಾನ್ ಡರ್ ಪೂಲ್, ಬೆಲ್ಜಿಯಂನ ವಾನ್ ಆರ್ಟ್ ಮತ್ತು ಎವೆನೆಪೂಲ್. ಮೊಂಮಾರ್ತ್ರ್ ಅಂತ ಪ್ಯಾರಿಸ್ ಊರೊಳಗಿನ ಗುಡ್ಡ, ಕಿರಿದಾದ ಕಲ್ಲುಹಾಸಿನ ಬೀದಿ, ಏರು ಒಂದೇ ಕಿ.ಮೀ. ಉದ್ದ, ಅದನ್ನು ಮೂರು ಸಲ ಹತ್ತಬೇಕು. ವಾನ್ ಡರ್ ಪೂಲ್ ಅಲ್ಲಿ ಜೋರಾಗಿ ಕಿತ್ತುಕೊಂಡು ಹೋದ, ವಾನ್ ಆರ್ಟ್ ಅವನ ಚಕ್ರ ಬಿಡಲಿಲ್ಲ. ಸುಮಾರು 38 ಕಿ.ಮೀ. ಉಳಿದಾಗ ಎವೆನೆಪೂಲ್ ಎದ್ದು ಹೋದ. ಈಗ ವಾನ್ ಡರ್ ಪೂಲ್ ಕಷ್ಟ ನೋಡಿ: ಬೆನ್ನಟ್ಟಿದರೆ ವಾನ್ ಆರ್ಟ್‌ನನ್ನು ಪುಕ್ಕಟೆ ಹೊತ್ತುಕೊಂಡು ಹೋದಂತೆ, ಬಿಟ್ಟರೆ ಚಿನ್ನ ಹೋದಂತೆ. ವಾನ್ ಆರ್ಟ್ ಯಾಕೆ ಎಳೆಯುತ್ತಾನೆ, ಮುಂದೆ ಇರುವವನು ಅವನ ದೇಶದವನೇ. ಕ್ಯಾಮೆರಾ ಎವೆನೆಪೂಲ್ ಮುಖವನ್ನೇ ತೋರಿಸುತ್ತಿರುತ್ತದೆ, ಆದರೆ ರೇಸ್ ತೀರ್ಮಾನ ಆಗಿದ್ದು ಹಿಂದಿನ ಆ ಇಬ್ಬರ ನಡುವೆ.

ಎವೆನೆಪೂಲ್ ಜೊತೆ ಎಲ್ಲರಿಗಿಂತ ಹೆಚ್ಚು ಹೊತ್ತು ಅಂಟಿಕೊಂಡಿದ್ದವನು ಫ್ರಾನ್ಸ್‌ನ ಮಡುವಾಸ್. ಸುಮಾರು 15 ಕಿ.ಮೀ. ಇದ್ದಾಗ ಅವನೂ ಕಳಚಿಕೊಂಡ. ಆಮೇಲೆ 4 ಕಿ.ಮೀ. ಕೂಡ ಉಳಿದಿಲ್ಲ ಅನ್ನುವಾಗ ಎವೆನೆಪೂಲ್ ಟಯರ್ ಪಂಕ್ಚರ್! ಇಳಿದು ನಿಂತ, ಕಾರಿನ ಕಡೆ ಕೈ ಬೀಸಿ ಕೂಗಾಡಿದ, ಬೇರೆ ಸೈಕಲ್ ಬಂತು, ಹತ್ತಿ ಹೊರಟ. ನೋಡುತ್ತಿದ್ದ ನಮಗೆ ಅಂತರ ಒಂದು ನಿಮಿಷಕ್ಕಿಂತ ಜಾಸ್ತಿ ಇದೆ ಅಂತ ಗೊತ್ತು, ಆದರೆ ಕಿವಿಯಲ್ಲಿ ರೇಡಿಯೊ ಇಲ್ಲದ ಅವನಿಗೆ ಹೇಳುವವರು ಯಾರು? ಕೊನೆಗೆ ಐಫೆಲ್ ಟವರ್ ಎದುರಿನ ಟ್ರೊಕಾಡೆರೊದಲ್ಲಿ 1 ನಿಮಿಷ 11 ಸೆಕೆಂಡ್ ಮುಂಚೆ ಗೆರೆ ದಾಟಿ, ಸೈಕಲ್ ನೆಲಕ್ಕಿಟ್ಟು, ಕೈ ಅಗಲಿಸಿ ನಿಂತ. ಒಂದೇ ಒಲಿಂಪಿಕ್ಸ್‌ನಲ್ಲಿ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ರೇಸ್) ಮತ್ತು ರೋಡ್ ರೇಸ್ ಎರಡನ್ನೂ ಗೆದ್ದ ಮೊದಲ ಗಂಡಸು ಅವನು.

ಇಳಿಜಾರು ಬಂದಾಗ ನೀರು ಕುಡಿಯಲು ಏಳಬೇಡಿ, ಅದೊಂದು ಮಾತು. 2016ರ ರಿಯೊದಲ್ಲಿ ಇಟಲಿಯ ನಿಬಾಲಿ, ಕೊಲಂಬಿಯಾದ ಎನಾವೊ, ಪೋಲೆಂಡ್‌ನ ಮೈಕಾ ಮೂವರು ಮುಂದಿದ್ದರು, ಪದಕ ಮೂವರಿಗೂ ಖಾತ್ರಿ ಅನ್ನುವ ಹಾಗಿತ್ತು. ಕೊನೆಯ ಇಳಿಜಾರಿನಲ್ಲಿ ಮೊದಲ ಇಬ್ಬರು ಬಿದ್ದರು. ಒಬ್ಬನೇ ಉಳಿದ ಮೈಕಾನನ್ನು ಕೊನೆಯ ಎರಡು ಕಿ.ಮೀ.ಯಲ್ಲಿ ಇಬ್ಬರು ಹಿಡಿದರು, ಗೆದ್ದವನು ಬೆಲ್ಜಿಯಂನ ವಾನ್ ಆವರ್ಮಾಟ್.

ಸಾಧ್ಯವಾದರೆ ರೇಸ್ ಹಿಂದಿನ ದಿನ ಇನ್ನೊಂದು ಕೆಲಸ ಮಾಡಿ: ದೊಡ್ಡ ಹೆಸರುಗಳು ವರ್ಷವಿಡೀ ಯಾವ ತಂಡಕ್ಕೆ ಓಡಿಸುತ್ತಾರೆ ಅಂತ ನೋಡಿಟ್ಟುಕೊಳ್ಳಿ. ಮೈಮೇಲೆ ದೇಶದ ಜೆರ್ಸಿ ಇದ್ದರೂ ಸಂಬಳ ಕೊಡುವವರು ಬೇರೆ. 2000ದ ಸಿಡ್ನಿಯಲ್ಲಿ ಉಲ್ರಿಕ್, ವಿನೊಕುರೊವ್, ಕ್ಲೋಡೆನ್ ಮೂವರಿಗೂ ಪದಕ ಬಂತು. ದೇಶ ಜರ್ಮನಿ, ಕಜಕಸ್ತಾನ, ಜರ್ಮನಿ. ಸಂಬಳ ಕೊಡುವ ತಂಡ ಮಾತ್ರ ಮೂವರದ್ದೂ ಒಂದೇ, ಟೆಲಿಕಾಂ! ಇದರ ಮೇಲೆ ಎಷ್ಟು ಮಾತಾಯಿತು ಅಂತ ಕೇಳಬೇಡಿ.

ಇಷ್ಟಾದರೂ ಆರು ಗಂಟೆ ರೇಸ್‌ಗೆ ಧೈರ್ಯ ಬರದಿದ್ದರೆ ಮೊದಲು ಪ್ಯಾರಿಸ್‌ನ ಮಹಿಳೆಯರ ರೇಸ್‌ನ ಕೊನೆಯ 5 ಕಿ.ಮೀ. ಹುಡುಕಿ ನೋಡಿ. ನೆದರ್ಲೆಂಡ್ಸ್‌ನ ವೋಸ್ ಮತ್ತು ಹಂಗೇರಿಯ ವಾಶ್ ಮುಂದೆ ಇದ್ದಾರೆ, ಬೆಲ್ಜಿಯಂನ ಕೊಪೆಕಿ ಮತ್ತು ಅಮೆರಿಕದ ಫಾಕ್ನರ್ ಹಿಂದಿನಿಂದ ಬಂದು ಅವರನ್ನು ಮುಟ್ಟುತ್ತಾರೆ. ಮುಟ್ಟಿದ ಕೂಡಲೇ, ಉಸಿರು ಕೂಡ ತೆಗೆದುಕೊಳ್ಳದೆ, ಫಾಕ್ನರ್ ಹೊರಟುಹೋಗುತ್ತಾಳೆ. ಅವಳನ್ನು ನೋಡುವುದು ಬಿಟ್ಟು ಹಿಂದಿನ ಮೂವರನ್ನು ನೋಡಿ. ನೀನು ಎಳಿ, ನೀನು ಎಳಿ ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗಲೇ ಚಿನ್ನ ಹೋಯಿತು, 58 ಸೆಕೆಂಡ್ ಅಂತರದಲ್ಲಿ.