ಇಂಗ್ಲಿಷ್ ಪದಕ್ಕೆ ‘ಅಲ್ಲ’ ಜೋಡಿಸುವುದು ಹೇಗೆ?

ಆಫೀಸಿನ ಮೇಲ್ ಬರೆಯುವಾಗ ‘ಅನ್’ ಹಾಕಬೇಕೋ ‘ಇನ್’ ಹಾಕಬೇಕೋ ಎಂದು ಕೈ ತಡೆದರೆ, ಮೊದಲು ಇವೆರಡರ ಗುಣ ತಿಳಿದುಕೊಳ್ಳಿ.

ಲ್ಯಾಟಿನ್‌ನಿಂದ ಬಂದ ‘ಇನ್’ ಮುಂದಿನ ಅಕ್ಷರಕ್ಕೆ ತಕ್ಕಂತೆ ವೇಷ ಬದಲಿಸುತ್ತದೆ. ಪಿ, ಬಿ, ಎಂ ಬಂದರೆ ‘ಇಮ್’: ಇಂಪಾಸಿಬಲ್, ಇಂಬ್ಯಾಲೆನ್ಸ್, ಇಮ್ಮೆಚೂರ್. ಎಲ್ ಬಂದರೆ ಇಲ್ಲೀಗಲ್, ಆರ್ ಬಂದರೆ ಇರ್ರೆಗ್ಯುಲರ್. ನಮ್ಮ ಸೊನ್ನೆಯದೂ ಇದೇ ಸ್ವಭಾವ: ಮಲ್ಲೇಶ್ವರದ ಸಂಪಿಗೆ ರಸ್ತೆ ಎನ್ನುವಾಗ ‘ಸಂ’ಗೆ ತುಟಿ ಮುಚ್ಚುತ್ತದೆ, ಸಂತೆ ಎನ್ನುವಾಗ ಮುಚ್ಚುವುದಿಲ್ಲ.

‘ಅನ್’ ಇಂಗ್ಲಿಷಿನ ಸ್ವಂತದ್ದು, ಯಾರಿಗೂ ಬಗ್ಗುವುದಿಲ್ಲ: ಅನ್‌ಪಾಪ್ಯುಲರ್, ಅನ್‌ಲಿಮಿಟೆಡ್. ಯಾವ ಪದಕ್ಕೆ ಯಾವುದು ಎಂಬುದಕ್ಕೆ ಪಕ್ಕಾ ಸೂತ್ರವಿಲ್ಲ, ನಿಘಂಟೇ ಗತಿ. ಇ-ಡಿ, ಐ-ಎನ್-ಜಿಯಲ್ಲಿ ಮುಗಿಯುವ ವಿಶೇಷಣಗಳಿಗೆ ಬಹುಮಟ್ಟಿಗೆ ‘ಅನ್’ ಹೊಂದುತ್ತದೆ.

ಹೆಚ್ಚು ಜನ ಎಡವುವುದು ನಾಮಪದದಲ್ಲಿ. ಅನ್‌ಏಬಲ್ ಸರಿ, ಆದರೆ ಅದರ ನಾಮಪದ ಇನ್‌ಎಬಿಲಿಟಿ. ಹಾಗೆಯೇ ಅನ್‌ಸ್ಟೇಬಲ್–ಇನ್‌ಸ್ಟೆಬಿಲಿಟಿ, ಅನ್‌ಈಕ್ವಲ್–ಇನ್‌ಈಕ್ವಾಲಿಟಿ, ಅನ್‌ಜಸ್ಟ್–ಇನ್‌ಜಸ್ಟಿಸ್. ಮೀಟಿಂಗಿಗೆ ಬರಲಾಗದು ಎನ್ನಲು ‘ಡಿಸೆಬಿಲಿಟಿ’ ಬರೆದರೆ ಅಂಗವೈಕಲ್ಯ ಎಂದಾಗುತ್ತದೆ!

ಕಾಗುಣಿತಕ್ಕೆ ಒಂದೇ ಉಪಾಯ. ಮೂಲಪದವನ್ನು ಮುಟ್ಟದೆ ಮುಂದೆ ಅಂಟಿಸಿ. ಡಿಸ್ ಜೊತೆಗೆ ಸ್ಯಾಟಿಸ್‌ಫೈಡ್, ಆದ್ದರಿಂದ ಎರಡು ಎಸ್. ಡಿಸ್ ಜೊತೆಗೆ ಅಪಾಯಿಂಟ್, ಆದ್ದರಿಂದ ಒಂದೇ ಎಸ್, ಒಂದೇ ಎ.

ಅರ್ಥದ ಬಣ್ಣವೂ ಬೇರೆ ಬೇರೆ. ‘ನಾನ್’ ಬರಿ ವಿಂಗಡಣೆ: ನಾನ್-ವೆಜ್, ನಾನ್-ಎಸಿ. ಕೆಲಸಗಾರನನ್ನು ಅನ್‌ಪ್ರೊಫೆಷನಲ್ ಎಂದರೆ ಬೈಗುಳವೇ. ಅನ್‌ಇಂಟರೆಸ್ಟೆಡ್ ಎಂದರೆ ಆಸಕ್ತಿಯಿಲ್ಲದವರು. ಡಿಸ್‌ಇಂಟರೆಸ್ಟೆಡ್ ಎಂದರೆ ಸ್ವಂತ ಲಾಭವಿಲ್ಲದ ನಿಷ್ಪಕ್ಷಪಾತಿ, ಪಂಚಾಯಿತಿಗೆ ಬೇಕಾದವರು. ಕ್ರಿಯಾಪದದ ಮುಂದೆ ‘ಅನ್’ ಬಂದರೆ ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವುದು: ಅನ್‌ಲಾಕ್, ಅನ್‌ಡೂ. ಲೆಕ್ಕಪರಿಶೋಧಕರ ‘ಅನ್‌ಕ್ವಾಲಿಫೈಡ್ ಒಪೀನಿಯನ್’ ಕಂಡು ಗಾಬರಿಯಾಗಬೇಡಿ, ತಕರಾರಿಲ್ಲದ ವರದಿ ಅದು.

‘ಇನ್’ ಕಂಡಲ್ಲೆಲ್ಲ ವಿರುದ್ಧಾರ್ಥ ಎಂದುಕೊಳ್ಳಲೂಬೇಡಿ. ಇನ್‌ವ್ಯಾಲ್ಯುಯಬಲ್ ಎಂದರೆ ಬೆಲೆ ಕಟ್ಟಲಾಗದಷ್ಟು ಅಮೂಲ್ಯ. ಇನ್‌ಫ್ಲ್ಯಾಮಬಲ್ ಎಂದರೆ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಇನ್‌ಫ್ಲ್ಯಾಮಬಲ್‌ನಲ್ಲಿರುವ ‘ಇನ್’ಗೆ ‘ಒಳಗೆ’ ಎಂಬ ಬೇರೆಯದೇ ಅರ್ಥ. ಈ ಗೊಂದಲಕ್ಕೇ ಎಚ್ಚರಿಕೆಯ ಫಲಕ ಬರೆಯುವಾಗ ಫ್ಲ್ಯಾಮಬಲ್, ಹೊತ್ತಿಕೊಳ್ಳದಂಥದ್ದಕ್ಕೆ ನಾನ್-ಫ್ಲ್ಯಾಮಬಲ್ ಎಂದು ಬರೆಯುವುದು ಕ್ಷೇಮ.